ನಾಲ್ಕು ಮೂಲೆಗೆ ಅರಿಶಿಣ

ಮಾನಸಗಂಗೋತ್ರಿ, ಮೈಸೂರು
10 ಜೂನ್ 1984

ಅವ್ವನಿಗೆ ರತ್ನಿಯ ನಮಸ್ಕಾರ.

ಕಾಗದ ಒಂದು ವಾರ ತಡವಾಯಿತು, ಬೈಯಬೇಡ. ಎಂ.ಎ. ಕೊನೆಯ ವರ್ಷಕ್ಕೆ ಪ್ರಬಂಧ ಬರೆಯಬೇಕು ಎಂದಿದ್ದೆನಲ್ಲ, ವಿಷಯ ಸಿಕ್ಕಿತು. ಕೇಳಿದರೆ ನಗುತ್ತೀಯ. ನೂರು ವರ್ಷದ ಹಿಂದೆ ಅಮೆರಿಕದ ಯೂಟಾ ಎಂಬ ಸೀಮೆಯಲ್ಲಿ ಮಾರ್ಮನ್ ಎಂಬ ಪಂಗಡದ ಹೆಂಗಸರು ರೇಷ್ಮೆಹುಳ ಸಾಕಿದ್ದು! "ಚನ್ನಪಟ್ಟಣದ ಕಡೆಯ ಹುಡುಗಿ, ಇದನ್ನು ನೀನೇ ಬರೆ" ಎಂದು ನಮ್ಮ ಮೇಡಂ ಒಂದು ಕಟ್ಟು ಜೆರಾಕ್ಸ್ ಕೊಟ್ಟಿದ್ದಾರೆ.

ಅವರು ಕ್ರೈಸ್ತರೇ, ಆದರೆ ಬೇರೆ ಒಂದು ಗುಂಪು. ಬೇರೆಯವರ ಕಾಟ ತಾಳಲಾರದೆ ಮರುಭೂಮಿಗೆ ಹೋಗಿ ನೆಲೆಸಿದರು. ಬಟ್ಟೆಬರೆಗೆ ಹೊರಗಿನವರ ಮುಂದೆ ಕೈಚಾಚಬಾರದು ಎಂದು ಅವರ ಹಿರಿಯರು ಹಿಪ್ಪುನೇರಳೆ ನೆಡಿಸಿದರಂತೆ. ಹುಳ ಮಾತ್ರ ಹೆಂಗಸರ ಪಾಲಿಗೆ. ಮನೆಯಲ್ಲಿ ಜಾಗವಿಲ್ಲದೆ ಕೆಲವರು ತಮ್ಮ ಮಂಚವನ್ನೇ ಹುಳಕ್ಕೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದರು. ಅವರ ಮುಂದಾಳು ಒಬ್ಬಾಕೆಗೆ ಹುಳ ಕಂಡರೇ ಮೈ ಜುಮ್ಮೆನ್ನುತ್ತಿತ್ತಂತೆ, ಆದರೂ ಸಾಕಿದಳು. ಅಪ್ಪ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು. ಮೂವತ್ತು ವರ್ಷ ರೇಷ್ಮೆ ಇಲಾಖೆಯ ಕೆಲಸದಲ್ಲಿ ಊರೂರು ತಿರುಗಿ ಹುಳ ಸಾಕುವುದನ್ನು ಕಲಿಸಿದವರಿಗೆ ಇದೊಂದು ಗೊತ್ತಿರಲಿಲ್ಲ ನೋಡು.

ಇನ್ನೊಂದು ವಿಷಯ. ಅವರಲ್ಲಿ ಒಬ್ಬ ಗಂಡಸಿಗೆ ಇಬ್ಬರು, ಮೂವರು ಹೆಂಡತಿಯರು. ಎರಡನೆಯವಳನ್ನು ತರುವಾಗ ಮೊದಲನೆಯವಳೇ ನಡುವೆ ನಿಂತು, ಹೊಸಬಳ ಕೈ ಹಿಡಿದು ಗಂಡನ ಕೈಯಲ್ಲಿ ಇಡಬೇಕಿತ್ತು. ಹಾಗೆ ಇಡುವಾಗ ಅವಳಿಗೆ ಏನನ್ನಿಸಿತು ಎಂದು ನನಗೆ ಸಿಕ್ಕ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಕಡೆಯೂ ಹೀಗೆ ಇತ್ತಾ ಅವ್ವ?

ನಿನ್ನ ಕಾಗದದ ಮೂಲೆಯ ಅರಿಶಿಣ ಹಾಸ್ಟೆಲಿನಲ್ಲೆಲ್ಲ ಹೆಸರಾಗಿದೆ. "ನಿಮ್ಮವ್ವ ಕಾಗದಕ್ಕೂ ಒಗ್ಗರಣೆ ಹಾಕ್ತಾರಾ?" ಎಂದು ನನ್ನ ರೂಮಿನ ಹಫೀಜಾ ಕೇಳುತ್ತಾಳೆ.

ನಿನ್ನ ಮಗಳು
ರತ್ನಿ

*

ವಿರೂಪಾಕ್ಷಿಪುರ
19 ಜೂನ್ 1984

ಚಿರಂಜೀವಿ ರತ್ನಿಗೆ ಅವ್ವನ ಆಶೀರ್ವಾದ.

ಹುಳ ಮೂರನೇ ಜ್ವರಕ್ಕೆ ಕೂತಿವೆ. ಸೊಪ್ಪು ಹಾಕುವಂತಿಲ್ಲ, ಪೊರೆ ಬಿಟ್ಟು ಏಳುವ ತನಕ ಮುಟ್ಟುವಂತಿಲ್ಲ, ಅದಕ್ಕೇ ಬರೆಯಲು ಪುರುಸೊತ್ತು. ಹೋದ ಬೆಳೆಯ ಗೂಡನ್ನು ನೂಲು ತೆಗೆಯುವ ರಾಮನಗರದ ಶುಕೂರ್ ಸಾಬರೇ ಕೊಂಡರು. "ಬೋರಲಿಂಗಯ್ಯನೋರು ಹೋದ್ಮೇಲೂ ಗೂಡು ಗಟ್ಟಿ ಐತೆ ಕಣಮ್ಮ" ಎಂದರು. ನಿಮ್ಮಪ್ಪ ಊರಿಗೆಲ್ಲ ಪಾಠ ಹೇಳಿದರು, ಮನೆಯ ಹುಳಕ್ಕೆ ಸೊಪ್ಪು ಹಾಕಿದ್ದು ನಾನು. ಅದನ್ನು ಶುಕೂರ್ ಸಾಬರಿಗೆ ಯಾರು ಹೇಳಬೇಕು!

ಅದೇನು ಮಾರ್ಮನರೋ, ನನ್ನ ಬಾಯಿಗೆ ಮಾರಮ್ಮನೇ ಬರುತ್ತದೆ. ಮಂಚವನ್ನು ಹುಳಕ್ಕೆ ಬಿಟ್ಟುಕೊಟ್ಟರಂತೆ, ಅದೇನು ದೊಡ್ಡ ವಿಷಯವೇ? ನೀನು ಹುಟ್ಟಿದ ವರ್ಷ ನಮ್ಮ ಮನೆಯಲ್ಲಿ ದೇವರ ಮೂಲೆ ಒಂದು ಬಿಟ್ಟು ಎಲ್ಲ ಕಡೆ ಹುಳದ ತಟ್ಟೆ ಜೋಡಿಸಿದ್ದೆವು. ಹುಳ ಕಂಡರೆ ಹೆದರುವವಳನ್ನು ಮುಂದಾಳು ಮಾಡಿದರಲ್ಲ, ಅವರ ಬುದ್ಧಿಗೆ ಏನು ಹೇಳೋಣ.

ಕೈ ಹಿಡಿಸುವ ವಿಷಯ ಬಿಡು. ಕಂಡವರ ಮನೆಯ ಕೋಣೆ ಇಣುಕುವುದಕ್ಕೆ ಎಂ.ಎ. ಓದಬೇಕೇ? ಹುಳದ ಬಗ್ಗೆ ಬರೆ. ಜ್ವರದ ಲೆಕ್ಕ ಬೇಕಾದರೆ ಕೇಳು, ಹೇಳುತ್ತೇನೆ.

ನಿನ್ನ ಅವ್ವ
ನಾಗಲಕ್ಷ್ಮಮ್ಮ

*

ಮೈಸೂರು
4 ಜುಲೈ 1984

ಅವ್ವನಿಗೆ,

ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ, ನೆಟ್ಟಗೇ ಕೇಳಿಬಿಡುತ್ತೇನೆ.

ಆ ಜನಕ್ಕೆ ಆಮೇಲೆ ಒಂದು ಕಾನೂನು ಬಂತು. ಇಬ್ಬರು ಹೆಂಡತಿಯರಿದ್ದ ಗಂಡಸನ್ನು ಹಿಡಿದು ಜೈಲಿಗೆ ಹಾಕುತ್ತಿದ್ದರು. ಸರ್ಕಾರದ ಆಳುಗಳು ಮನೆ ಮನೆ ಹುಡುಕುತ್ತಿದ್ದರು. ಎರಡನೇ ಹೆಂಡತಿಯರು ಬೇರೆ ಊರಿಗೆ ಹೋಗಿ, ಬೇರೆ ಹೆಸರು ಹೇಳಿಕೊಂಡು ಬದುಕಿದರು. ಬಸುರಿಯಾದವಳು ಯಾರದೆಂದು ಹೇಳುವಂತಿರಲಿಲ್ಲ. ಕೇಳಿದರೆ ಅಪ್ಪನ ಹೆಸರು ಬಾಯಿಬಿಡಬಾರದು ಎಂದು ಮಕ್ಕಳಿಗೆ ಕಲಿಸಿದ್ದರು. ತಾಯಿಯನ್ನು ಬಿಟ್ಟು ತಂದೆಯ ಉಳಿದ ಹೆಂಡತಿಯರನ್ನೆಲ್ಲ ಅಲ್ಲಿಯ ಮಕ್ಕಳು ಚಿಕ್ಕಮ್ಮ ಎನ್ನುವ ಹಾಗೆ ಕರೆಯುತ್ತಿದ್ದರು.

ಆ ಸಾಲು ಓದಿ ಪುಸ್ತಕ ಮುಚ್ಚಿದೆ. ನನಗೆ ನಮ್ಮ ಸೋಲೂರು ಚಿಕ್ಕಮ್ಮ ನೆನಪಾದರು.

ಬೈರಮ್ಮ ಚಿಕ್ಕಮ್ಮ ನಿನಗೆ ಯಾವ ಕಡೆಯ ತಂಗಿ? ನಾನು ಕೇಳಿದಾಗಲೆಲ್ಲ "ದೂರದ ಸಂಬಂಧ" ಎಂದೆ. ಅವರ ಗಂಡ ಮಿಲಿಟರಿಯಲ್ಲಿದ್ದಾರೆ ಎಂದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ರಜೆ ಸಿಗದ ಮಿಲಿಟರಿ ಯಾವುದು ಅವ್ವ? ಅಪ್ಪ ತೀರಿಕೊಂಡ ದಿನ ಎಲ್ಲರೂ ನಡುಮನೆಯಲ್ಲಿ ಅಳುತ್ತಿದ್ದರು. ಅವರು ಕೊಟ್ಟಿಗೆಯಲ್ಲಿ ದನದ ಹಿಂದೆ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು. ನೀರು ತರಲು ಹೋದ ನಾನು ನೋಡಿದೆ. ದೂರದ ಸಂಬಂಧದವರು ಹಾಗೆ ಅಳುವುದಿಲ್ಲ.

ನನ್ನ ಊಹೆ ತಪ್ಪು ಎಂದು ಒಂದು ಸಾಲು ಬರೆ. ಸಾಕು.

ರತ್ನಿ

*

ವಿರೂಪಾಕ್ಷಿಪುರ
9 ಜುಲೈ 1984

ರತ್ನಿ,

ಓದಿಸಿದ್ದೇ ತಪ್ಪಾಯಿತು. ಅಪ್ಪ ಮಣ್ಣಾಗಿ ಎರಡು ವರ್ಷವಾಗಿಲ್ಲ, ಅವರ ಗೋರಿ ಕೆದಕಲು ಹೊರಟಿದ್ದೀಯ. ಯಾರದೋ ದೇಶದ ಹೊಲಸನ್ನು ತಂದು ನಮ್ಮ ಅಂಗಳಕ್ಕೆ ಸುರಿಯಬೇಡ. ಪ್ರಬಂಧಕ್ಕೆ ಬೇರೆ ವಿಷಯ ತೆಗೆದುಕೋ. ಈ ಮಾತು ಇಲ್ಲಿಗೆ ನಿಂತಿತು.

ನಾಗಲಕ್ಷ್ಮಮ್ಮ

*

ಮೈಸೂರು
30 ಜುಲೈ 1984

ಶ್ರೀಮತಿ ನಾಗಲಕ್ಷ್ಮಮ್ಮನವರಿಗೆ,

ನಿಮ್ಮ ಕಾಗದಕ್ಕೆ ಈ ಸಲ ಅರಿಶಿಣವಿರಲಿಲ್ಲ. ಅದರಲ್ಲಿ ನನ್ನ ಊಹೆ ತಪ್ಪು ಎಂಬ ಮಾತೂ ಇರಲಿಲ್ಲ. ಆಮೇಲೆ ಎರಡು ಕಾಗದ ಹಾಕಿದೆ, ಉತ್ತರ ಬರಲಿಲ್ಲ. ಅದಕ್ಕೇ ಹೋದ ಶನಿವಾರ ರಾಮನಗರದಲ್ಲಿ ಇಳಿದು, ಮಾಗಡಿಯ ಬಸ್ಸು ಹತ್ತಿ, ಅಲ್ಲಿಂದ ಸೋಲೂರಿಗೆ ಹೋಗಿದ್ದೆ.

ಚಿಕ್ಕಮ್ಮ ಡೈರಿಗೆ ಹಾಲು ಹಾಕಿ ಬರುತ್ತಿದ್ದರು. ನನ್ನನ್ನು ನೋಡಿ ಕ್ಯಾನು ಕೆಳಗಿಟ್ಟರು. ಕೇಳಿದೆ. ಅವರು ನನ್ನ ತಲೆ ಸವರಿ, "ನಿಮ್ಮವ್ವನ್ನ ಕೇಳು ಮಗ" ಎಂದು ಕ್ಯಾನು ತೊಳೆಯಲು ಕೂತರು. ಮಾತಾಡಿದ್ದು ಆ ಮನೆಯ ಕಾವೇರಮ್ಮಜ್ಜಿ. "ಇನ್ನೂ ಎಷ್ಟು ದಿನ ಬಚ್ಚಿಡೀಯೇ ಬೈರಿ? ಹೆತ್ತ ಮಗ್ಳು ಮುಂದೆ ನಿಂತವಳೆ" ಎಂದರು. ಚಿಕ್ಕಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಗಾದರೆ ನನ್ನನ್ನು ಹೆತ್ತವರು ಅವರು. ಇಪ್ಪತ್ತೆರಡು ವರ್ಷ ನನಗೆ ಇದನ್ನು ಹೇಳಲು ನಿಮಗೆ ಪುರುಸೊತ್ತಾಗಲಿಲ್ಲ.

ಅವರನ್ನು ಯಾಕೆ ಕಳಿಸಿದಿರಿ, ಯಾಕೆ ಮತ್ತೆ ಕರೆಯಲಿಲ್ಲ, ಎಲ್ಲವನ್ನೂ ಬರೆಯಿರಿ. ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಡಲು ನಾನು ಆ ಮನೆಗೆ ಬರುವುದೋ ಬೇಡವೋ ಎನ್ನುವುದು ಆ ಕಾಗದದ ಮೇಲೆ ನಿಂತಿದೆ. ಬರದಿದ್ದರೆ ಮುಂದೆಯೂ ಬರುವುದಿಲ್ಲ.

ಮುನಿರತ್ನ

*

ವಿರೂಪಾಕ್ಷಿಪುರ
20 ಆಗಸ್ಟ್ 1984

ರತ್ನಿ,

ನೀವು ಎಂದು ಬರೆದೆಯಲ್ಲ, ಅದನ್ನು ಓದಿದ ದಿನ ಹುಳಕ್ಕೆ ಸೊಪ್ಪು ಹಾಕುವುದನ್ನೇ ಮರೆತೆ. ಮೂರು ತಟ್ಟೆ ಹುಳ ಬಾಡಿದವು. ನನ್ನ ಹಣೆಬರಹಕ್ಕೆ ಅವಕ್ಕೇಕೆ ಶಿಕ್ಷೆ ಎಂದು ಎದ್ದು ಹಾಕಿದೆ. ಈಗ ಬರೆಯುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಉದ್ದವಾದರೂ ಓದು.

ಮದುವೆಯಾಗಿ ಒಂಬತ್ತು ವರ್ಷ ನನಗೆ ಮಕ್ಕಳಾಗಲಿಲ್ಲ. ಮಾಗಡಿ ಕಡೆಯ ಬಡವರ ಮನೆಗೆ ಹೋಗಿ ಬೈರಿಯನ್ನು ಒಪ್ಪಿಸಿ ಕರೆತಂದವಳು ನಾನೇ. ಯಾರೂ ಬಲವಂತ ಮಾಡಲಿಲ್ಲ. ಅತ್ತೆ ಕಣ್ಣಲ್ಲೇ ಮಾಡಿದರು, ಅದನ್ನು ಬಲವಂತ ಎನ್ನುವುದು ಹೇಗೆ? ಅಷ್ಟರಲ್ಲಿ ಕಾನೂನು ಬಂದು ಐದು ವರ್ಷವಾಗಿತ್ತು. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಅದು ಮದುವೆಯೇ ಅಲ್ಲ, ಸರ್ಕಾರಿ ನೌಕರನಾದರೆ ಕೆಲಸವೂ ಹೋಗುತ್ತದೆ. ಅದಕ್ಕೇ ಚಪ್ಪರವಿಲ್ಲ, ಓಲಗವಿಲ್ಲ. ಒಂದು ಗುಡಿಯ ಮುಂದೆ ಅವಳ ಕೈ ಹಿಡಿದು ನಿಮ್ಮಪ್ಪನ ಕೈಯಲ್ಲಿಟ್ಟೆ. ಊರಿಗೆಲ್ಲ ನನ್ನ ತಂಗಿ ಎಂದೆವು. ಊರವರಿಗೆ ಗೊತ್ತಿತ್ತು, ಬಾಯಿಬಿಡಲಿಲ್ಲ. ಆಗ ಏನನ್ನಿಸುತ್ತದೆ ಎಂದು ಯಾವ ಪುಸ್ತಕದಲ್ಲೂ ಇಲ್ಲ ಎಂದಿದ್ದೆಯಲ್ಲ, ಬರೆದುಕೋ: ಅಂಗೈ ಬೆವರುತ್ತದೆ. ಬೆವರು ನನ್ನದೋ ಅವಳದೋ ತಿಳಿಯಲಿಲ್ಲ.

ಜಗಳ ಇರಲಿಲ್ಲ. ಅಕ್ಕ ಅಕ್ಕ ಎಂದು ಹಿಂದೆಯೇ ಇರುತ್ತಿದ್ದಳು. ನೀನು ಹುಟ್ಟಿದೆ, ನನ್ನ ಮಗ್ಗುಲಲ್ಲೇ ಮಲಗಿಸಿಕೊಂಡೆ. ನಿನಗೆ ಎರಡು ತುಂಬಿದ ಮೇಲೆ ಒಮ್ಮೆ ಜ್ವರ ಬಂತು. ಮೂರು ದಿನ ಒದ್ದೆ ಬಟ್ಟೆ ಹಾಕುತ್ತಾ ಕೂತವಳು ನಾನು. ನಾಲ್ಕನೇ ದಿನ ಕಣ್ಣು ಬಿಟ್ಟವಳು ನನ್ನ ಕೈ ತಳ್ಳಿ, ಬಾಗಿಲಲ್ಲಿ ಸೊಪ್ಪು ಹೊತ್ತು ನಿಂತಿದ್ದ ಅವಳ ಸೆರಗು ಹಿಡಿಯಲು ತೆವಳಿಕೊಂಡು ಹೋದೆ. ಎರಡು ವರ್ಷದ ಮಗುವಿನ ಮೇಲೆ ಯಾರಾದರೂ ಸಿಟ್ಟಾಗುತ್ತಾರಾ? ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

ಒಂದು ಇನ್‌ಲ್ಯಾಂಡ್ ಕಾಗದ ತೆಗೆದುಕೊಂಡು ಎಡಗೈಯಲ್ಲಿ ಬರೆದೆ. ಬೋರಲಿಂಗಯ್ಯ ಎಂಬ ನೌಕರ ಇಬ್ಬರನ್ನು ಕಟ್ಟಿಕೊಂಡಿದ್ದಾನೆ, ವಿಚಾರಿಸಬೇಕು ಎಂದು. ಹೆಸರು ಹಾಕದ ಮೂಗರ್ಜಿ. ಮೇಲಧಿಕಾರಿಯ ವಿಳಾಸ ಬರೆದು ಅಂಟಿಸಿದ ಮೇಲೆ ಭಯವಾಯಿತು. ದೇವರ ಪಟದ ಹಿಂದೆ ಸಿಕ್ಕಿಸಿದೆ. ಮೂರು ದಿನ ಹರಿದುಹಾಕಬೇಕು ಎಂದುಕೊಂಡೆ, ಹರಿಯಲಿಲ್ಲ. ಕಳಿಸಲೂ ಇಲ್ಲ.

ಶುಕ್ರವಾರ ಬೈರಿ ಪಟ ಒರೆಸಿದಳು. ನಾನು ಹಿತ್ತಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದೆ. ಬಂದು, "ಅಕ್ಕ, ಪಟದ ಹಿಂದ್ಲ ಕಾಗ್ದ ಮರ್ತೇಬುಟ್ಟಿದ್ದೀಯ ಕಣಕ್ಕ. ನಾಕು ಮೂಲ್ಗೂ ಅರಿಸ್ಣ ಹಚ್ಚಿ ಅಂಕಯ್ಯನ ಕೈಗೆ ಕೊಟ್ಬುಟ್ಟೆ" ಎಂದಳು. ಅವಳಿಗೆ ಓದು ಬರದು. ನಮ್ಮ ಮನೆಯಿಂದ ಯಾವ ಕಾಗದ ಹೋದರೂ ಒಳ್ಳೆಯದಾಗಲಿ ಎಂದು ಅರಿಶಿಣ ಹಚ್ಚುವುದು ಅವಳ ಕೆಲಸ. ಬೆರಳಲ್ಲಿ ಇನ್ನೂ ಅರಿಶಿಣವಿತ್ತು.

ಟಪಾಲಿನ ಅಂಕಯ್ಯ ಅರಳಿಕಟ್ಟೆಯ ಹತ್ತಿರ ಸೈಕಲ್ಲು ನಿಲ್ಲಿಸಿ ಯಾರೊಂದಿಗೋ ಮಾತಾಡುತ್ತಿದ್ದ. ಹಿತ್ತಿಲಿಂದ ನನಗೆ ಕಾಣುತ್ತಿತ್ತು. ಕೂಗಿದ್ದರೆ ಕೇಳುತ್ತಿತ್ತು. ಓಡಿಹೋಗಿ ಇಸಿದುಕೊಳ್ಳಬಹುದಿತ್ತು. ನಾನು ಸೊಪ್ಪು ಕತ್ತರಿಸುತ್ತಾ ಕೂತೆ. ಅವನು ಬೀಡಿ ಸೇದಿ ಮುಗಿಸಿ ಹೋದ. ನನ್ನ ತಪ್ಪು ಯಾವುದು ಎಂದರೆ ಆ ಒಂದು ಬೀಡಿಯ ಹೊತ್ತು.

ವಿಚಾರಣೆಗೆ ಬರುತ್ತಾರೆ ಎಂದು ಸುದ್ದಿ ಬಂದಾಗ ನಿಮ್ಮಪ್ಪ ಅವಳನ್ನು ಸೋಲೂರಿನ ಕಾವೇರಮ್ಮನ ಮನೆಗೆ ಕಳಿಸಿದರು. ಆರು ತಿಂಗಳು ಎಂದರು. ಗಂಡ ಮಿಲಿಟರಿಯಲ್ಲಿದ್ದಾನೆ ಎಂದು ಹೇಳು ಎಂದರು. ವಿಚಾರಣೆಯ ಕಾಗದದಲ್ಲಿ ನಿನ್ನನ್ನು ನಾನು ಹೆತ್ತ ಮಗು ಎಂದು ಬರೆಸಿದರು, ವಿಚಾರಣೆ ಅಲ್ಲಿಗೆ ಮುಚ್ಚಿತು. ನೀನು ಮೂರು ದಿನ ಅತ್ತೆ. ನಾಲ್ಕನೇ ದಿನ ನನ್ನ ಮಡಿಲಿಗೆ ಬಂದೆ. ಆ ದಿನದ ಸಂತೋಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ.

ಆರು ತಿಂಗಳು ಇಪ್ಪತ್ತು ವರ್ಷವಾಯಿತು. ನಿಮ್ಮಪ್ಪ ಸತ್ತ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಕಾಗದ ಸಿಕ್ಕಿತು, ವಿಚಾರಣೆ ಮುಗಿದ ಮೇಲೆ ಕಚೇರಿಯಿಂದ ಹೇಗೋ ಪಡೆದು ತಂದಿಟ್ಟಿರಬೇಕು. ಮೂಲೆಯಲ್ಲಿ ಅರಿಶಿಣ ಹಾಗೇ ಇತ್ತು. ಅರಿಶಿಣ ಹಚ್ಚಿದ ಮೂಗರ್ಜಿ ಯಾರ ಮನೆಯಿಂದ ಬಂದಿದೆ ಎಂದು ಅವರಿಗೆ ಅವತ್ತೇ ತಿಳಿದಿರಬೇಕು. ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಅವಳನ್ನು ಕರೆತರಬೇಕಾಗುತ್ತಿತ್ತು. ಅವರಿಗೂ ಕೆಲಸ ಬೇಕಿತ್ತು.

ಸೋಲೂರಿನಲ್ಲಿ ಅವಳು ಇವತ್ತಿಗೂ ಮುತ್ತೈದೆ. ಗಂಡ ಸತ್ತರೂ ಕುಂಕುಮ ಇಟ್ಟುಕೊಂಡು ತಿರುಗಬೇಕು, ಎಲ್ಲರ ಎದುರು ಅಳುವಂತಿಲ್ಲ. ಅದನ್ನೂ ನಾನೇ ಕಿತ್ತುಕೊಂಡೆ.

ಆ ಕಾಗದವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಬೈರಿಗೆ ಇದೊಂದೂ ಗೊತ್ತಿಲ್ಲ. ನೀನೇ ಅವಳಿಗೆ ಓದಿ ಹೇಳು. ನನ್ನಿಂದಾಗದು. ನನಗೆ ಇರುವವಳು ನೀನೊಬ್ಬಳು, ನೀನೂ ಹೋದರೆ ಈ ಮನೆಯಲ್ಲಿ ನಾನು ಯಾರ ಅವ್ವ?

ನಾಗಲಕ್ಷ್ಮಮ್ಮ

*

ವಿರೂಪಾಕ್ಷಿಪುರ
6 ಸೆಪ್ಟೆಂಬರ್ 1984

ರತ್ನಿ,

ಹದಿನೇಳು ದಿನವಾಯಿತು. ಈಗ ಟಪಾಲು ಹಂಚುವವನು ಅಂಕಯ್ಯನ ಮಗ. ದಿನವೂ ಅರಳಿಕಟ್ಟೆಯ ತನಕ ಹೋಗಿ ನಿಲ್ಲುತ್ತೇನೆ. "ಇಲ್ಲ ಕಣಜ್ಜಿ" ಎನ್ನುತ್ತಾನೆ. ಅಂದು ಹೋಗಬೇಕಾದ ದಾರಿಯನ್ನು ಇಂದು ಸವೆಸುತ್ತಿದ್ದೇನೆ.

ಬೈಯಲಾದರೂ ಬರೆ. ಪಿತೃಪಕ್ಷಕ್ಕೆ ನಾಲ್ಕೈದು ದಿನ ಉಳಿದಿದೆ. ನಮ್ಮ ಮನೆಯ ಎಡೆ ಎಂದಿನಂತೆ ಅಮಾವಾಸ್ಯೆಗೆ.

ನಾ.

*

ಸೋಲೂರು
14 ಸೆಪ್ಟೆಂಬರ್ 1984

ಅವ್ವ,

ಎರಡು ವಾರಕ್ಕೂ ಹೆಚ್ಚು ನಿನ್ನ ಕಾಗದವನ್ನು ಪುಸ್ತಕದ ನಡುವೆ ಇಟ್ಟುಕೊಂಡು ತಿರುಗಿದೆ. ಮೊನ್ನೆ ಇಲ್ಲಿಗೆ ಬಂದು ಅವರಿಗೆ ಪೂರ್ತಿ ಓದಿದೆ.

ಅವರು ರಾಗಿ ಕೇರುತ್ತಿದ್ದರು. ಮದುವೆಯ ವಿಷಯ ಬಂದಾಗಲೂ, ನನ್ನ ಜ್ವರದ ವಿಷಯ ಬಂದಾಗಲೂ ಕೇರುತ್ತಲೇ ಇದ್ದರು. ಅಂಕಯ್ಯನ ಮಾತು ಬಂದಾಗ ಮೊರ ನಿಂತಿತು. "ಅರಳೀಕಟ್ಟೆತಾವೇ ಇದ್ನಾ? ಅದ್ನ ಇನ್ನೊಂದ್ಸಲ ಓದು" ಎಂದರು. ಓದಿದೆ. ಆ ಹಳೆಯ ಕಾಗದವನ್ನು ಕೊಟ್ಟೆ. ಅವರು ಮೂಲೆಯ ಅರಿಶಿಣದ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಬೆರಳು ಗುರುತಿಗೆ ಸರಿಯಾಗಿ ಕೂತಿತು. ಆಮೇಲೆ ಹಸು ಕರೆಯಲು ಹೋದರು. ಹಸು ಅವತ್ತು ಸೊರ ಬಿಡಲಿಲ್ಲ, ಕೆಚ್ಚಲಿಗೆ ಹಾಲು ಇಳಿಯಲಿಲ್ಲ.

ಇವತ್ತು ಬೆಳಿಗ್ಗೆ ನನ್ನನ್ನು ಕರೆದು ಬರೆದುಕೋ ಎಂದರು. ಅವರು ಹೇಳಿದ ಹಾಗೇ ಬರೆಯುತ್ತೇನೆ:

"ಅಕ್ಕ, ನಾನು ನಿನ್ನ ಒಪ್ಕಂಡೆ ಅಂತ ತಿಳೀಬ್ಯಾಡ. ನಂಗೆ ಅದು ಆಗಾಕಿಲ್ಲ. ಆರು ತಿಂಗ್ಳು ಅಂತ ಬಂದೋಳು ಕೂಸಿನ ಬಟ್ಟೇನ ತಲೆದಿಂಬಿನ ಕೆಳ್ಗೆ ಇಕ್ಕಂಡು ಮಲಗ್ತಿದ್ದೆ. ಅವರ್ಗೂ ನಾನು ಬ್ಯಾಡಾಗಿದ್ದೆ, ಅದೂ ಈಗ ಗೊತ್ತಾಯ್ತು. ಅಮಾಸೆಗೆ ಬತ್ತೀನಿ. ತಂಗಿ ಅಂತ ಬರಾಕಿಲ್ಲ. ಎಡೇಲಿ ಒಂದು ತುತ್ತು ನನ್ ಕೈಲೂ ಇಡ್ಬೇಕು. ಎರಡು ವರ್ಸದಿಂದ ಸುಳ್ಳು ಬಳೆ ತೊಟ್ಟಿವ್ನಿ, ನಂಗೆ ಕೈ ಭಾರ ಆಗೈತೆ. ನನ್ನ ಕೈ ಹಿಡ್ದು ಅವರ ಕೈಲಿ ಇಟ್ಟೋಳು ನೀನು. ಬಳೆ ತೆಗ್ಯೋಳೂ ನೀನೇ ಆಗ್ಬೇಕು. ಬಾಗ್ಲು ಹಾಕ್ಕಂಡು ಅಲ್ಲ. ಊರವ್ರ ಮುಂದೆ."

ಬಳೆ ತೆಗೆಯುವ ಪದ್ಧತಿ ಕಂಡರೆ ನನಗೆ ಆಗುವುದಿಲ್ಲ, ನಿನಗೂ ಗೊತ್ತು. ಬೇಡ ಎಂದು ವಾದಿಸಿದೆ. "ನಿನ್ ಪುಸ್ತಕ್ದಲ್ಲಿ ಏನೈತೋ ನಂಗೊತ್ತಿಲ್ಲ. ಗಂಡ ಸತ್ತ ಅಂತ ಹೇಳ್ಕಂಡು ಅಳಾಕೆ ನಂಗೆ ಇರೋದು ಇದೊಂದೇ" ಎಂದರು.

ಇನ್ನು ಮೇಲೆ ನಿಮ್ಮನ್ನು ಏನೆಂದು ಕರೆಯಲಿ ಎಂದು ಕೇಳಿದೆ. "ಇಷ್ಟು ವರ್ಸ ಚಿಕ್ಕಮ್ಮ ಅಂದಿದ್ದೀಯ. ಈಗ ತಟಕ್ಕನೆ ಅವ್ವ ಅಂದ್ರೆ ನನ್ ಎದೆ ನಿಂತೋಯ್ತದೆ. ಒಸಿ ತಡಿ" ಎಂದು ನಕ್ಕರು. ಇಲ್ಲಿಗೆ ಬಂದ ಮೇಲೆ ಅವರು ನಕ್ಕದ್ದು ಆಗ ಮಾತ್ರ.

ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಆದರೂ ಈ ಕಾಗದ ಶುರು ಮಾಡುವಾಗ ಕೈ ತಾನಾಗಿ ಅವ್ವ ಎಂದೇ ಬರೆಯಿತು, ಹೊಡೆದುಹಾಕಲಿಲ್ಲ. ಕಾಗದಕ್ಕೆ ಅರಿಶಿಣ ಹಚ್ಚಿಲ್ಲ. ಸಾವಿನ ಕಾಗದಕ್ಕೆ ಹಚ್ಚಬಾರದು ಎಂದು ಅವರೇ ತಡೆದರು.

ಅಮಾವಾಸ್ಯೆಯ ದಿನ ಮೊದಲನೇ ಬಸ್ಸಿಗೆ ಹೊರಡುತ್ತೇವೆ.

ರತ್ನಿ

*

ವಿರೂಪಾಕ್ಷಿಪುರ
18 ಸೆಪ್ಟೆಂಬರ್ 1984

ರತ್ನಿ,

ಬೈರಿಗೆ ಓದಿ ಹೇಳು.

ನಿನ್ನೆ ಹುಳ ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಆರಿಸಿ ಚಂದ್ರಿಕೆಗೆ ಬಿಡಲು ಕೇರಿಯ ಹೆಂಗಸರೆಲ್ಲ ಬಂದಿದ್ದರು. ಅವರ ಮುಂದೆಯೇ ಹೇಳಿದೆ. ಸೋಲೂರಿನವಳು ನನ್ನ ತಂಗಿಯಲ್ಲ, ಬೋರಲಿಂಗಯ್ಯನ ಹೆಂಡತಿ, ರತ್ನಿಯನ್ನು ಹೆತ್ತವಳು, ಅವಳು ಊರು ಬಿಡುವ ಹಾಗೆ ಮೂಗರ್ಜಿ ಬರೆದವಳು ನಾನು ಎಂದೆ. ಹಳಬರು ಹುಳದ ಮೇಲಿಂದ ಕಣ್ಣೆತ್ತಲಿಲ್ಲ. ಕೊನೆಗೆ ಪಕ್ಕದ ಮನೆಯ ಮುನಿಯಮ್ಮ, "ಹುಳ ತಣ್ಗಾಯ್ತವೆ, ಕೈ ಆಡ್ಸು" ಎಂದಳು. ಕೈ ಆಡಿಸಿದೆ.

ಬೈರಿ, ಒಪ್ಪಿಕೊಳ್ಳಬೇಡ. ಕೇಳುವ ಮುಖ ನನಗಿಲ್ಲ. ಬಂದು ನಿನ್ನ ತುತ್ತು ಇಟ್ಟು ಹೋಗು, ಇರುವುದಾದರೆ ಇರು. ಬಳೆಯನ್ನು ಒಡೆಯುವುದಿಲ್ಲ, ಒಂದೊಂದಾಗಿ ಬಿಡಿಸುತ್ತೇನೆ. ಬಿಗಿಯಾಗಿದ್ದರೆ ಬರುವ ಮುಂಚೆ ಕೈಗೆ ಒಂದಿಷ್ಟು ಹರಳೆಣ್ಣೆ ಸವರಿಕೋ. ಗಾಜು ತಾಗಬಾರದು.

ಬಸ್ಸು ಅರಳಿಕಟ್ಟೆಯ ಹತ್ತಿರ ನಿಲ್ಲುತ್ತದೆ. ನೀವು ಮನೆಯ ತನಕ ನಡೆದು ಬರುವುದು ಬೇಡ. ಈ ಸಲ ನಾನೇ ಓಡಿ ಬರುತ್ತೇನೆ.

ನಿನ್ನ ಅವ್ವ